ಜಾಬ್ತಾ: ಒಂದು ಶಬ್ದದ ಸಾಂಗೋಪಾಂಗ ಮೀಮಾಂಸೆ

ಅರಬ್ಬಿಯ ‘ಜಬ್ತ್’ ಎಂದರೆ ಬಿಗಿಹಿಡಿಯುವುದು. ಈ ಒಂದೇ ತಾಯಿಗೆ ನಮ್ಮಲ್ಲಿ ಇಬ್ಬರು ಮಕ್ಕಳು: ಜಾಬ್ತಾ, ಅಂದರೆ ನಿಯಮ, ಮತ್ತು ಜಪ್ತಿ. ಅಣ್ಣ ಮೇಜಿನಿಂದ ಮೇಜಿಗೆ ತೆವಳುತ್ತಾನೆ. ತಮ್ಮ ಮಾತ್ರ ಸಾಲ ಬಾಕಿ ಉಳಿದವರ ಮನೆಗೆ ಓಡೋಡಿ ಬರುತ್ತಾನೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಮೂರೂ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದಿಗೆ ಸೇರಿದ್ದವು; ದಫ್ತರದ ಭಾಷೆ ಉರ್ದು. ಸಿವಿಲ್ ವ್ಯಾಜ್ಯದ ವಿಧಾನ ‘ಜಾಬ್ತಾ ದೀವಾನಿ’, ಕ್ರಿಮಿನಲ್ ವ್ಯಾಜ್ಯದ್ದು ‘ಜಾಬ್ತಾ ಫೌಜದಾರಿ’. ಅಫಜಲಪುರದಿಂದ ಭೀಮಾ ನದಿ ದಾಟಿದರೆ ಇಂಡಿ, ಸಿಂದಗಿ. ಮುಂಬಯಿ ಪ್ರಾಂತದ ಆ ದಂಡೆಯಲ್ಲಿ ಎಲ್ಲವೂ ‘ಕಾಯದೇಶೀರ’. ಹೆಸರು ಬೇರೆ, ಪಾಳಿ ಒಂದೇ.

ಇಲ್ಲಿ ಪೂರ್ವಪಕ್ಷ: ಹಳೇ ಮೈಸೂರಿನವರಿಗೆ ‘ಜಾಬಿತಾ’ ಎಂದರೆ ಪಟ್ಟಿ, ನಿಯಮವಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಜೊತೆ ಈ ಎರಡು ಅರ್ಥಗಳೂ ಏಕೀಕರಣಗೊಂಡವು. ಅಂದಿನಿಂದ ನಿಯಮವೆಂದರೆ ತರಬೇಕಾದ ಕಾಗದಗಳ ಪಟ್ಟಿ. ಪಟ್ಟಿ ಎಷ್ಟುದ್ದ ಎಂಬುದೇ ನಿಯಮ.

ಈ ಲೇಖಕನ ಸಿದ್ಧಾಂತ ಬೇರೆ. ಶಬ್ದ ಅಚ್ಚಕನ್ನಡದ್ದೇ: ಜಾಬು + ತಾ. ಜಾಬು ಅಂದರೆ ಕಾಗದ. ತಾ ಅಂದರೆ ತಾ. ಉಕಾರ ಲೋಪವಾಗಿದೆ, ಜೊತೆಗೆ ಒಂದು ದಿನದ ಕೂಲಿಯೂ. ಸ್ವರ ಪರವಾಗದೆ ಲೋಪಸಂಧಿ ಹೇಗೆಂದು ವ್ಯಾಕರಣಕಾರ ಕೇಶಿರಾಜ ಎದ್ದು ನಿಂತರೆ, ಮೊದಲು ಟೋಕನ್ ತರಲು ಅವನಿಗೂ ಹೇಳಲಾಗುವುದು.

ಪ್ರಯೋಗ (ಯಾವ ಕಚೇರಿ ಎಂದು ಕೇಳಬಾರದು):

“ಕಾಕಾ, ಒಂದ್ ಕಾಗದ ಕಮ್ಮಿ ಅದ. ನಾಳಿ ತಗೊಂಬರ್ರಿ.”

“ನಿನ್ನಿ ಇದೇ ಕಾಗದ ಬ್ಯಾಡ ಅಂದಿದ್ರಿ, ಸಾಹೇಬ್ರ.”

“ನಿನ್ನಿ ನಾ ರಜಾದಾಗಿದ್ದೆ.”

ವ್ಯಾಖ್ಯಾನ: ‘ನಾಳಿ’ ಇಲ್ಲಿ ಕಾಲವಾಚಕವಲ್ಲ, ಗೌರವವಾಚಕ. ತೊಗರಿ ರಾಶಿ ಬಿಟ್ಟು ಬಂದ ಕಾಕಾನಿಗೆ ಈ ವ್ಯಾಕರಣ ಬಾಯಿಪಾಠ. ಗಾಣಗಾಪುರದ ಹುಣ್ಣಿಮೆಗೆ ಹೊರಟವನಂತೆ ಬುತ್ತಿ ಕಟ್ಟಿಕೊಂಡೇ ಬಂದಿರುತ್ತಾನೆ.

ಸರ್ಕಾರಿ ಸೇವೆಗೆ ಗಡುವು ಹಾಕಿದ 2011ರ ಸಕಾಲ ಕಾಯ್ದೆ ಇದನ್ನು ಖಂಡಿಸಿತೆಂದು ನವ್ಯರು ವಾದಿಸುತ್ತಾರೆ. ತಡವಾದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅದರಲ್ಲಿದೆ ನಿಜ. ಆದರೆ ಗಡುವಿನ ಎಣಿಕೆ ಶುರುವಾಗುವುದು ಅರ್ಜಿ ಸ್ವೀಕಾರವಾದ ಮೇಲೆ. ಜಾಬ್ತಾ ವಾಸವಾಗಿರುವುದು ಸ್ವೀಕಾರಕ್ಕೂ ಮುಂಚಿನ ಆ ಅನಾದಿಕಾಲದಲ್ಲಿ. ಆದ್ದರಿಂದ ಮೂರೂ ತಾಲೂಕಿನ ಬಂಧುಗಳೇ, ಸಕಾಲದ 15 ಅಂಕಿಯ ಸಂಖ್ಯೆ ಇರುವ ರಸೀದಿ ಕೈಗೆ ಬರುವತನಕ ಕಿಟಕಿ ಬಿಟ್ಟು ಕದಲಬೇಡಿ.