ಎಲ್ಲಾ ಅಂಡರ್ ಪ್ರೊಸೆಸ್ ಐತ್ರಿ

ಕಾರಿನಲ್ಲಿ ಕೂತರೆ ‘ಇನ್’, ಬಸ್ಸಿನಲ್ಲಿ ಕೂತರೆ ‘ಆನ್’. ಯಾಕ್ರೀ ಸರ ಎಂದು ಕೇಳಿದರೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಮಾಸ್ತರರ ಬಳಿ ಉತ್ತರ ಸಿದ್ಧ: ಯಾವುದರೊಳಗೆ ಎದ್ದು ನಿಂತು ಓಡಾಡಲಿಕ್ಕೆ ಬರುತ್ತದೋ ಅದಕ್ಕೆ ‘ಆನ್’, ಬಾರದ್ದಕ್ಕೆ ‘ಇನ್’. ಈ ನಿಯಮ ಮಾಡಿದ ಪುಣ್ಯಾತ್ಮ ಭಾರತ ಹುಣ್ಣಿಮೆಯ ದಿನ ಎಲ್ಲಮ್ಮನ ಜಾತ್ರೆಗೆಂದು ಸವದತ್ತಿ ಬಸ್ ಹತ್ತಿದವನಲ್ಲ. ಅಲ್ಲಿ ಓಡಾಡುವ ಮಾತು ದೂರ ಉಳಿಯಿತು, ಕಿಸೆಯಿಂದ ಆಧಾರ್ ಕಾರ್ಡ್ ತೆಗೆಯಬೇಕಾದರೂ ಪಕ್ಕದವನ ಒಪ್ಪಿಗೆ ಬೇಕು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಯದ್ದು ಇನ್ನೂ ಬಿಕ್ಕಟ್ಟು. ಕಮಾನು ಕಟ್ಟಿ ತಾಡಪತ್ರಿ ಹೊದಿಸಿದ್ದರೆ ಒಳಗೆ ಬುತ್ತಿಗಂಟಿನ ಸಂಗಡ ಕೂತ ಅಜ್ಜಿ ‘ಇನ್’, ಮುಂದೆ ಬಾರಕೋಲು ಹಿಡಿದು ಕೂತ ಮೊಮ್ಮಗ ‘ಆನ್’, ಉಧೋ ಉಧೋ ಎನ್ನುತ್ತ ಪಕ್ಕದಲ್ಲಿ ನಡೆಯುವ ಮಗ ‘ಬೈ’. ಒಂದೇ ಮನೆತನ, ಒಂದೇ ಚಕ್ಕಡಿ, ಮೂರು ಪ್ರಿಪೊಸಿಶನ್. ದೇವಿಗೆ ಇವರೆಲ್ಲ ಒಟ್ಟಿಗೇ ಬಂದ ಲೆಕ್ಕ, ವ್ಯಾಕರಣಕ್ಕೆ ಹಾಗಲ್ಲ.

ನಮ್ಮ ಕಡೆಯ ಕನ್ನಡಕ್ಕೆ ಇಷ್ಟೂ ಕೆಲಸಕ್ಕೆ ಒಂದು ‘ಆಗ’ ಸಾಕು. ಬಸ್ಸಿನಾಗ, ಸಂತ್ಯಾಗ, ಮಳ್ಯಾಗ, ಸಿಟ್ಟಿನಾಗ, ರಾತ್ರ್ಯಾಗ. ಜಾಗ, ಹೊತ್ತು, ಹವಾಮಾನ, ಮನಸ್ಸಿನ ಸ್ಥಿತಿ ಎಲ್ಲ ಇಲಾಖೆಗಳನ್ನೂ ಅದೊಂದೇ ನಿಭಾಯಿಸುತ್ತದೆ, ಪ್ರಭಾರ ಭತ್ಯೆ ಕೇಳುವುದಿಲ್ಲ. ಇಂಗ್ಲಿಷು ಇದೇ ಕೆಲಸಕ್ಕೆ ‘ಇನ್’, ‘ಆನ್’, ‘ಅಟ್’ ಎಂದು ಮೂರು ಹುದ್ದೆ ಮಂಜೂರು ಮಾಡಿ, ಯಾರ ವ್ಯಾಪ್ತಿ ಎಲ್ಲಿಯವರೆಗೆ ಎಂಬುದನ್ನು ಮಾತ್ರ ಹೇಳದೆ ಬಿಟ್ಟಿದೆ.

ಆದರೂ ಕಲಿಯಲೇಬೇಕು. 2007ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ಇಯತ್ತೆಗೇ ಇಂಗ್ಲಿಷ್ ಬಂದಿದೆ. ಬೈಲಹೊಂಗಲದ ಹುಡುಗ ಪುಣೆಗೋ ಬೆಂಗಳೂರಿಗೋ ಇಂಟರ್ವ್ಯೂಗೆ ಹೋಗಿ ‘ಡಿಸ್ಕಸ್ ಅಬೌಟ್’ ಅಂದನೋ, ಎದುರು ಕೂತವರ ತುಟಿಯ ಮೂಲೆಯಲ್ಲಿ ಒಂದು ನಗು ಮೂಡುತ್ತದೆ. ಡಿಸ್ಕಸ್ ಮುಂದೆ ಅಬೌಟ್ ಬರಬಾರದಂತೆ. ‘ಮ್ಯಾರೀಡ್ ವಿತ್’ ಅನ್ನಬಾರದು, ‘ಟು’ ಅನ್ನಬೇಕು. ಮದುವೆಗೆ ‘ಟು’, ಆಮೇಲಿನ ಜಗಳಕ್ಕೆ ‘ವಿತ್’. ಈ ಒಂದು ವಿಷಯದಲ್ಲಿ ಇಂಗ್ಲಿಷಿನವರಿಗೆ ಸಂಸಾರದ ಅನುಭವ ಇದ್ದಹಾಗೆ ಕಾಣುತ್ತದೆ.

ಈ ಕಾಟ ಹಳೆಯದೇ. ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ, ‘ರೆನ್ ಅಂಡ್ ಮಾರ್ಟಿನ್’ ಎಂಬ ಇಂಗ್ಲಿಷ್ ವ್ಯಾಕರಣ ಪುಸ್ತಕದ ರೆನ್ ಸಾಹೇಬರು ಅದೇ ಪ್ರಾಂತದ ಶಿಕ್ಷಣ ಇಲಾಖೆಯ ನೌಕರಿಯಲ್ಲಿದ್ದರು. ಅವರು 1924ರಲ್ಲಿ ಮರುಭೂಮಿಯ ಸೈನಿಕರ ಸಾಹಸದ ಮೇಲೆ ‘ಬೋ ಜೆಸ್ಟ್’ ಎಂಬ ಕಾದಂಬರಿಯನ್ನೂ ಪ್ರಕಟಿಸಿದರು. ಅದರಲ್ಲಿ ಸತ್ತವರಿಗಿಂತ ಅವರ ವ್ಯಾಕರಣದಲ್ಲಿ ಗಾಯಗೊಂಡವರೇ ಹೆಚ್ಚು. ಆದರೆ ರೆನ್ ಸಾಹೇಬರ ಮೇಲೆ ನನ್ನ ತಕರಾರಿಲ್ಲ. ಹುಡುಗರ ತಪ್ಪು ಇಂಗ್ಲಿಷಿನಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಮ್ಮ ಈ ನಾಲ್ಕು ತಾಲ್ಲೂಕುಗಳಿಗೆ ಮೂರು ಕಾಸಿನ ನಷ್ಟವಾಗಿಲ್ಲ. ಆಗಿದ್ದೆಲ್ಲ ಸರಿಯಾದ ಇಂಗ್ಲಿಷಿನಿಂದಲೇ.

ಕಿತ್ತೂರನ್ನೇ ನೋಡಿ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡ. ಗಂಡುಮಗುವಿಲ್ಲ, ದತ್ತಕ ಆಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬನಿಗೆ, ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಬಳಗದವನೇ ಈತ, ಆ ದತ್ತಕದ ಮೇಲೆ ಗುಮಾನಿ. ಆದದ್ದು ದೇಸಾಯಿ ಸಾಯುವುದಕ್ಕೆ ‘ಬಿಫೋರ್’ ಹೌದೋ ‘ಆಫ್ಟರ್’ ಹೌದೋ? ಬಿಫೋರ್ ಎಂದರೆ ಸಂಸ್ಥಾನ ಉಳಿಯುತ್ತದೆ, ಆಫ್ಟರ್ ಎಂದರೆ ಕಂಪನಿ ಸರ್ಕಾರದ ಪಾಲು. ಇಷ್ಟು ದುಬಾರಿಯ ಪ್ರಿಪೊಸಿಶನ್ ಪ್ರಶ್ನೆ ಯಾವ ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲೂ ಬಂದಿಲ್ಲ. ಸಾಹೇಬ ತನಗೆ ಬೇಕಾದ ಉತ್ತರವನ್ನೇ ಆರಿಸಿಕೊಂಡು, ಖಜಾನೆಗೆ ಮುದ್ರೆ ಹಾಕಿ, ಅಕ್ಟೋಬರ್ 23ರಂದು ಕೋಟೆಯ ಬಾಗಿಲಿಗೆ ಬಂದು ನಿಂತ. ರಾಣಿ ಚೆನ್ನಮ್ಮ ವ್ಯಾಕರಣದ ವಾದಕ್ಕೆ ಇಳಿಯಲಿಲ್ಲ. ಥ್ಯಾಕರೆ ಆ ದಿನವೇ ಹೆಣವಾದ. ಡಿಸೆಂಬರಿನಲ್ಲಿ ದೊಡ್ಡ ದಂಡು ಬಂತು, ಕಿತ್ತೂರು ಬಿತ್ತು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು, 1829ರಲ್ಲಿ ಅಲ್ಲಿಯೇ ಆಕೆ ತೀರಿಕೊಂಡಳು. ಕಂಪನಿಯ ಕಡತದಲ್ಲಿ ಒಂದು ಕಾಗುಣಿತವೂ ತಪ್ಪಾಗಿರಲಿಕ್ಕಿಲ್ಲ.

ಆ ಇಂಗ್ಲಿಷು ಹೋಗಲಿಲ್ಲ, ಕಚೇರಿಗಳಲ್ಲಿ ವಾಸವಾಯಿತು. ನಮ್ಮ ಕಡೆಯ ಉದ್ಘಾಟನೆಯ ಕಲ್ಲುಗಳನ್ನು ಓದಿ. ‘ಅಮೃತಹಸ್ತದಿಂದ’ ಎಂಬುದರ ಕೆಳಗೆ ‘ಇನಾಗರೇಟೆಡ್ ಅಟ್ ದ ಹ್ಯಾಂಡ್ಸ್ ಆಫ್’ ಎಂದು ಕೆತ್ತಿಸಿರುತ್ತಾರೆ. ಇಂಗ್ಲಿಷ್ ಪಂಡಿತರು ಇದನ್ನು ನೋಡಿ ನಗುತ್ತಾರೆ. ಯಾರದೋ ಕೈಯಲ್ಲಿ ಸೋತಾಗ, ಹಿಂಸೆ ಅನುಭವಿಸಿದಾಗ, ಸತ್ತಾಗ ಹೇಳುವ ಮಾತು ಅದು, ಇಲ್ಲಿ ‘ಬೈ’ ಸಾಕಾಗಿತ್ತು ಎನ್ನುತ್ತಾರೆ. ಪಂಡಿತರೇ, ದಯವಿಟ್ಟು ತಿದ್ದಬೇಡಿ. ಮೊದಲ ಮಳೆಗೇ ಡಾಂಬರು ಕಿತ್ತುಹೋದ ರಸ್ತೆಯ ತುದಿಗೆ ಆ ಕಲ್ಲು ನಿಂತಿದೆ. ಸನ್ಮಾನ್ಯರ ಕೈಯಲ್ಲಿ ಆ ರಸ್ತೆಗೆ ಏನಾಯಿತು ಎಂಬುದನ್ನು ಇಷ್ಟು ನಿಖರವಾಗಿ ಬರೆದ ಇನ್ನೊಂದು ಸರ್ಕಾರಿ ದಾಖಲೆ ನಿಮಗೆ ಸಿಗುವುದಿಲ್ಲ.

ಆದರೆ ಕಚೇರಿಯ ಮನೆದೇವರು ‘ಅಂಡರ್’. ಸಕಲ ಕಾಮಗಾರಿಗಳೂ ಯಾವುದಾದರೊಂದು ಯೋಜನೆಯ ‘ಅಂಡರ್’ ನಡೆಯುತ್ತವೆ. ಹೀಗಾಗಿ ಮೇಲಿಂದ ನೋಡಿದವರಿಗೆ ಕಾಣಿಸುವುದಿಲ್ಲ. ನಳ ಅಂಗಳದಲ್ಲಿರುತ್ತದೆ, ನೀರು ಯೋಜನೆಯ ಅಂಡರ್. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ, ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗದ ಕಡೆ ಮನೆಗಳಿಗೆ ನುಗ್ಗಿತಲ್ಲ, ಆಗ ಜನ ಅಂಡರ್ ವಾಟರ್, ಅರ್ಜಿ ಅಂಡರ್ ವೆರಿಫಿಕೇಶನ್. ಬಿದ್ದ ಮನೆಗಳಿಗೆ ‘ಎ’, ‘ಬಿ’, ‘ಸಿ’ ಎಂದು ಇಯತ್ತೆ ಹಾಕಿದರು. ಪರಿಹಾರ 5 ಲಕ್ಷ ರೂಪಾಯಿ, ‘ಅಪ್ ಟು’. ಈ ‘ಅಪ್ ಟು’ ಎಂಬುದನ್ನು ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಯಾರೂ ಸರಿಯಾಗಿ ಕಲಿಸುವುದಿಲ್ಲ. ಹೇಳುವವನ ಕಣ್ಣು 5 ಲಕ್ಷದ ಮೇಲೆ, ಕೇಳುವವನ ಕಣ್ಣೂ ಅದರ ಮೇಲೆಯೇ. ಸೊನ್ನೆಯೂ ಅದರೊಳಗೇ ಕೂತಿರುತ್ತದೆ ಎಂಬುದು ಪಾಸ್‌ಬುಕ್ ಎಂಟ್ರಿ ಮಾಡಿಸಿದ ದಿನ ಗೊತ್ತಾಗುತ್ತದೆ. ಮನೆ ಬಿದ್ದಷ್ಟಕ್ಕೇ ಲೆಕ್ಕ. ನಿಂತ ಭಾಗ ಮಾಲಕನ ತಪ್ಪು.

ರೈಲಿನ ಕಥೆಯಲ್ಲಂತೂ ‘ಅಂಡರ್’ನ ಪೂರ್ಣಾವತಾರ ಇದೆ. ಕಿತ್ತೂರು ಮೇಲೆ ಹಾಯ್ದು ಹೋಗುವ ಬೆಳಗಾವಿ–ಧಾರವಾಡ ನೇರ ಮಾರ್ಗ, ಸುಮಾರು 73 ಕಿಲೋಮೀಟರ್, 2020ರಲ್ಲಿಯೇ ಮಂಜೂರಾಯಿತು. ಪೇಢೆ ಹಂಚಿದರು, ತಿಂದೆವು. ಅದಕ್ಕೂ ಮೊದಲಿನಿಂದ ಲೋಕಾಪುರ–ರಾಮದುರ್ಗ–ಸವದತ್ತಿ–ಧಾರವಾಡ ಮಾರ್ಗಕ್ಕೆ ಜನ ಧರಣಿ ಕೂತು, ಮನವಿ ಕೊಟ್ಟು, ಎದ್ದು ಬಂದಿದ್ದಾರೆ. ವಿಚಾರಿಸಿದಾಗಲೆಲ್ಲ ಉತ್ತರದ ನಾಮಪದ ಬದಲಾಗುತ್ತದೆ, ಪ್ರಿಪೊಸಿಶನ್ ಬದಲಾಗುವುದಿಲ್ಲ: ಅಂಡರ್ ಸರ್ವೆ, ಅಂಡರ್ ಕನ್ಸಿಡರೇಶನ್, ಅಂಡರ್ ಪ್ರೊಸೆಸ್. ಮುಂಬೈ ಪ್ರಾಂತದ ಕಾಲದ ಗುಮಾಸ್ತ ಎದ್ದು ಬಂದರೂ ಈ ಕಡತದಲ್ಲಿ ಕೆಂಪು ಗೆರೆ ಎಳೆಯಲಾರ. ಬೇಕಾದರೆ ರೆನ್ ಸಾಹೇಬರೇ ಬಂದು ನೋಡಲಿ.

ಈಗ ಮಕ್ಕಳಿಗೆ ಕೊಡುವ ಪ್ರಶ್ನೆಪತ್ರಿಕೆಗೆ ಬನ್ನಿ. ಬಿಟ್ಟ ಸ್ಥಳ ತುಂಬಿರಿ: ‘ದ ಟ್ರೇನ್ ಇಸ್ ಡ್ಯಾಶ್ ದ ಸ್ಟೇಶನ್’. ಆಯ್ಕೆಗಳು: ಇನ್, ಆನ್, ಅಟ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಊರಿಗೆ ಟ್ರೇನೂ ಇಲ್ಲ, ಸ್ಟೇಶನ್ನೂ ಇಲ್ಲ. ಆ ವಾಕ್ಯದಲ್ಲಿ ನಮ್ಮದು ಅಂತ ಇರುವುದು ಡ್ಯಾಶ್ ಒಂದೇ. ಅಲ್ಲಿ ಯಾವ ಹುಡುಗನಾದರೂ ಆಯ್ಕೆಯಲ್ಲಿಲ್ಲದ ‘ಅಂಡರ್’ ಬರೆದರೆ, ಮಾಸ್ತರೇ, ಮಾರ್ಕು ಕಡಿಯಬೇಡಿ. ಆ ಹುಡುಗ ನಾಳೆ ತಹಶೀಲ್ದಾರ್ ಆಗುವವನು.