ಮೈಗೆ ಬಿದ್ದ ಬೀಗಗಳು

ಮನುಷ್ಯನ ಮೈಯಲ್ಲಿ ಎಡಕ್ಕೆ 26, ಬಲಕ್ಕೆ 26 ಬೀಗಗಳಿವೆಯಂತೆ. ಹಾಗೆಂದು ನನಗೆ ಹೇಳಿದವರು ನಮ್ಮ ಅತ್ತಿಗೆ. ಅವರಿಗೆ ಹೇಳಿದ್ದು ಜಪಾನಿನ ಜಿನ್ ಶಿನ್ ಜ್ಯುತ್ಸು ಎಂಬ ವಿದ್ಯೆ. ಬೀಗ ಬಿದ್ದ ಕಡೆ ಪ್ರಾಣಶಕ್ತಿ ನಿಂತುಬಿಡುತ್ತದೆ, ಕಾಯಿಲೆ ಶುರುವಾಗುತ್ತದೆ, ಅಲ್ಲಿ ಸುಮ್ಮನೆ ಕೈಯಿಟ್ಟರೆ ಬೀಗ ತೆರೆದುಕೊಳ್ಳುತ್ತದೆ. ಬೀರುವಿನ ಬೀಗದ ಕೈಯನ್ನೇ ವಾರಕ್ಕೊಮ್ಮೆ ಕಳೆದು ಮನೆಯೆಲ್ಲ ತಡಕಾಡುವ ವಂಶ ನಮ್ಮದು. ಮೈಯ ಬೀಗಗಳಿಗೆ ಬೇರೆ ಕೀಲಿ ಬೇಡವೆಂದು ಕೇಳಿ ಎಲ್ಲರಿಗಿಂತ ಹೆಚ್ಚು ನೆಮ್ಮದಿಪಟ್ಟವನು ಅಣ್ಣ.

ಈ ವಿದ್ಯೆಯ ಮೂಲಪುರುಷ ಜಿರೊ ಮುರಾಯಿ, ಹುಟ್ಟಿದ್ದು 1886ರಲ್ಲಿ, ವೈದ್ಯರ ಮನೆತನದಲ್ಲಿ. ಶಿಷ್ಯರು ಹೇಳುವ ಕತೆಯ ಪ್ರಕಾರ ಈ ಮಹಾಶಯ ಹರೆಯದಲ್ಲಿ ಊಟದ ಪಂದ್ಯಗಳಿಗೆ ಹೋಗಿ ಗೆಲ್ಲುತ್ತಿದ್ದ. ತಿಂದು ಕುಡಿದು 26ರ ವಯಸ್ಸಿಗೆ ವೈದ್ಯರೆಲ್ಲ ಕೈಚೆಲ್ಲುವ ಸ್ಥಿತಿಗೆ ಬಂದ. ನನ್ನನ್ನು ಬೆಟ್ಟದ ಮೇಲಿನ ಗುಡಿಸಲಲ್ಲಿ ಬಿಟ್ಟು ಎಂಟನೆಯ ದಿನ ಬಂದು ನೋಡಿ ಎಂದನಂತೆ. ಅಲ್ಲಿ ಉಪವಾಸವಿದ್ದು, ಬೆರಳುಗಳನ್ನು ಮುದ್ರೆಗಳಲ್ಲಿ ಹಿಡಿದು ಧ್ಯಾನಕ್ಕೆ ಕುಳಿತ. ಮೊದಲು ಮೈಯೆಲ್ಲ ಹಿಮವಾಯಿತು, ಆಮೇಲೆ ಕುಲುಮೆಯಾಯಿತು, ಎಂಟನೆಯ ದಿನ ಎದ್ದು ನಡೆದುಕೊಂಡೇ ಮನೆಗೆ ಬಂದ. ಏಳು ದಿನ ಹೊಟ್ಟೆಗೆ ಬಿಡುವು ಕೊಟ್ಟದ್ದೇ ಅರ್ಧ ಚಿಕಿತ್ಸೆ ಎಂದು ನಮ್ಮಜ್ಜಿ ಇದ್ದಿದ್ದರೆ ಹೇಳುತ್ತಿದ್ದಳು. ಅತ್ತಿಗೆಯ ಮುಂದೆ ನಾನು ಹೇಳಲಿಲ್ಲ.

ಅವನ ಶಿಷ್ಯೆ ಮೇರಿ ಬರ್ಮೈಸ್ಟರ್, ಸಿಯಾಟಲ್‌ನಲ್ಲಿ ಹುಟ್ಟಿದ ಜಪಾನಿ ಮನೆತನದ ಹೆಣ್ಣುಮಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಪಾನಿಗೆ ಹೋದಾಕೆ ಮುರಾಯಿಯಿಂದ ಕಲಿತು ಇದನ್ನು ಅಮೆರಿಕಕ್ಕೆ ಒಯ್ದರು. ಒತ್ತುವುದಿಲ್ಲ, ತಿಕ್ಕುವುದಿಲ್ಲ, ಬಟ್ಟೆ ಬಿಚ್ಚುವ ಮಾತಿಲ್ಲ. ಒಂದು ಕೈ ಹೆಗಲ ಮೇಲೆ, ಇನ್ನೊಂದು ತೊಡೆಸಂದಿನ ಹತ್ತಿರ, ಹೀಗೆ ಇಟ್ಟು ಕಾಯುವುದಷ್ಟೇ. ಬ್ಯಾಟರಿ ಇಳಿದ ಕಾರಿಗೆ ಇನ್ನೊಂದು ಕಾರಿನಿಂದ ವೈರು ಕೊಟ್ಟು ಸ್ಟಾರ್ಟ್ ಮಾಡುತ್ತಾರಲ್ಲ, ಕೈಗಳು ಆ ವೈರು ಎನ್ನುತ್ತಿದ್ದರು ಮೇರಿ.

ಬೆರಳಿನ ಪಾಠ ಮಾತ್ರ ನನಗೆ ಬಹಳ ಹಿಡಿಸಿತು. ಹೆಬ್ಬೆರಳು ಚಿಂತೆಯದು, ತೋರುಬೆರಳು ಭಯದ್ದು, ನಡುಬೆರಳು ಸಿಟ್ಟಿನದು, ಉಂಗುರಬೆರಳು ದುಃಖದ್ದು. (ಮದುವೆಯ ಉಂಗುರ ಅಲ್ಲೇ ಯಾಕೆ ಎಂದು ಅಣ್ಣ ಕೇಳಬಾರದಿತ್ತು.) ಕಿರುಬೆರಳು ನಟನೆಯದು, ಇಲ್ಲದ್ದನ್ನು ಇದೆಯೆಂದು ತೋರಿಸುವ ತಿಣುಕಾಟದ್ದು. ಲೆಕ್ಕದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ ಕೂಡಲೇ ಕಿರುಬೆರಳೆತ್ತಿ ‘ಸಾರ್, ಒಂದಕ್ಕೆ’ ಎಂದು ಮೈದಾನ ಸೇರುತ್ತಿದ್ದ ನಮಗೆ ಈ ಸತ್ಯ ಯಾವ ಜಪಾನಿನವರೂ ಹೇಳದೆಯೇ ಗೊತ್ತಿತ್ತು. ಆಯಾ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದು ಕೂತರೆ ಆಯಾ ಭಾವ ಇಳಿಯಬೇಕು. ಕರೆಂಟ್ ಬಿಲ್ಲು ಬಂದ ದಿನ ನಮ್ಮ ಮನೆಯಲ್ಲಿ ಕೆಲವರು ಹೆಬ್ಬೆರಳು, ಕೆಲವರು ನಡುಬೆರಳು ಹಿಡಿದು ಸೋಫಾದ ಮೇಲೆ ಸಾಲಾಗಿ ಕೂತಿರುತ್ತಾರೆ.

ಒಂದು ಭಾನುವಾರ ದಿವಾನದ ಮೇಲೆ ನನ್ನ ಸರದಿ ಬಂತು. ಅತ್ತಿಗೆ ಮೊದಲು ಎರಡೂ ಮಣಿಕಟ್ಟು ಹಿಡಿದು ನಾಡಿ ಆಲಿಸಿದರು. ನಾನು ಕ್ರಿಕೆಟ್ ಸ್ಕೋರ್ ಕೇಳಿದೆ. ‘ಮಾತಾಡಬೇಡಿ, ಹರಿವು ಕೇಳಿಸ್ತಾ ಇಲ್ಲ ನಂಗೆ’ ಎಂದರು. ಕೈ ಬೆಚ್ಚಗಿತ್ತು, ಬೆಳಗಿನ ಒಗ್ಗರಣೆಯ ಇಂಗು ಇನ್ನೂ ಘಮ್ಮೆನ್ನುತ್ತಿತ್ತು. ಕುಕ್ಕರಿನ ಮೂರನೆಯ ಸೀಟಿಯ ಹೊತ್ತಿಗೆ ನನ್ನ ಗೊರಕೆ ಅಡುಗೆಮನೆಗೆ ಕೇಳಿಸಿತಂತೆ. ಬೀಗ ತೆರೆದದ್ದಕ್ಕೆ ಅದೇ ಸಾಕ್ಷಿ ಎಂದು ಅತ್ತಿಗೆ ಊರೆಲ್ಲ ಹೇಳಿಕೊಂಡು ಬಂದರು.

ಬೀಗಗಳಿವೆಯೇ? ನನಗೆ ನಂಬಿಕೆಯಿಲ್ಲ. ಅಮೆರಿಕದಲ್ಲಿ ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಮೇಳಕ್ಕೆಂದು ಇದರ ಸೋದರವಿದ್ಯೆಯೊಂದನ್ನು ಪರೀಕ್ಷೆಗಿಟ್ಟಳು. ಅದು ಥೆರಪ್ಯೂಟಿಕ್ ಟಚ್. ಹೆಸರಿನಲ್ಲಿ ಸ್ಪರ್ಶವಿದ್ದರೂ ಮುಟ್ಟದೆ, ಮೈಯ ಸುತ್ತಲಿನ ಶಕ್ತಿಯನ್ನು ಕೈಯಲ್ಲಿ ಗ್ರಹಿಸುತ್ತೇವೆ ಎನ್ನುವ ಪದ್ಧತಿ. ಅಡ್ಡಹಲಗೆಯ ತೂತಿನಿಂದ ಚಿಕಿತ್ಸಕರು ಎರಡೂ ಕೈ ಚಾಚಬೇಕು, ಎಮಿಲಿಯ ಕೈ ಅವುಗಳಲ್ಲಿ ಯಾವುದರ ಮೇಲಿದೆ ಎಂದು ನೋಡದೆ ಹೇಳಬೇಕು. 21 ಜನ 280 ಸಲ ಹೇಳಿದ್ದರಲ್ಲಿ ಸರಿಯಾದದ್ದು 123, ಅಂದರೆ ಶೇ. 44. ನಾಣ್ಯ ಚಿಮ್ಮಿ ಹೇಳಿದ್ದರೂ ಅರ್ಧದಷ್ಟು ಸರಿ ಬರುತ್ತಿತ್ತು. 1998ರಲ್ಲಿ ಅದು ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲೇ ಅಚ್ಚಾಯಿತು.

ಹಾಗಾದರೆ ನನಗೆ ಬಂದ ನಿದ್ದೆ? ರೋಮವಿರುವ ಚರ್ಮದಲ್ಲಿ ಒಂದು ಜಾತಿಯ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೆಲ್ಲಗೆ ಸವರಿದರೆ ಅವು ಚೆನ್ನಾಗಿ ಮಿಡಿಯುತ್ತವೆ, ಮನಸ್ಸಿಗೆ ಹಿತವಾಗುತ್ತದೆ. ಬೆನ್ನು ಸವರಿ ಮಗು ಮಲಗಿಸುವ ಅಜ್ಜಿಯರ ಕೈವೇಗ ಹೆಚ್ಚುಕಡಿಮೆ ಅಷ್ಟೇ. ಅತ್ತಿಗೆ ಸವರಲಿಲ್ಲ, ಕೈಯಿಟ್ಟರಷ್ಟೇ; ಆದರೂ ಬೆಚ್ಚಗಿನ ಕೈಗೆ ನಿದ್ದೆ ಬರಲು ಬೀಗದ ಲೆಕ್ಕ ಬೇಕಾಗಿಲ್ಲ.

ಐವತ್ತು ದಾಟಿದ ಗಂಡಸನ್ನು ನಮ್ಮಲ್ಲಿ ಮುಟ್ಟುವವರಾದರೂ ಯಾರು? ಕ್ಷೌರಿಕ, ದರ್ಜಿ, ಬಸ್ಸಿನ ನೂಕುನುಗ್ಗಲು. ಹಿಂದೆ ಅಳಲೆಕಾಯಿ ಪಂಡಿತರೂ ಕಣ್ಣುಮುಚ್ಚಿ ನಾಡಿ ಹಿಡಿಯುತ್ತಿದ್ದರು. ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ತಂದು ಒದೆಸಿಕೊಳ್ಳುತ್ತಿದ್ದೆವು, ಅದೂ ಒಂದು ಸ್ಪರ್ಶವೇ. ಈಗಿನ ನಮ್ಮ ಡಾಕ್ಟರು ಬೆರಳಿಗೊಂದು ಕ್ಲಿಪ್ ಹಾಕಿ ಕಂಪ್ಯೂಟರಿನ ಕಡೆ ತಿರುಗುತ್ತಾರೆ. ಪಾಪ, ಹೊರಗೆ ನಲವತ್ತು ಟೋಕನ್ ಕಾಯುತ್ತಿರುತ್ತವೆ. ಅತ್ತಿಗೆ ಒಂದು ಗಂಟೆ ಫೋನು ಮುಟ್ಟದೆ ನನ್ನ ಮಣಿಕಟ್ಟು ಹಿಡಿದದ್ದನ್ನು ನಾನು ಅಗ್ಗದ ಮಾತೆನ್ನಲಾರೆ.

ಆದ್ದರಿಂದ ಚಿಂತೆಗೆ, ಸಿಡುಕಿಗೆ, ನಿದ್ದೆ ಬಾರದ ರಾತ್ರಿಗೆ ಧಾರಾಳವಾಗಿ ಬೆರಳು ಹಿಡಿದು ಕೂರಿ, ನಷ್ಟವೇನಿಲ್ಲ. ಎದೆನೋವು ಎಡಗೈಗೆ ಇಳಿದು ಬೆವರು ಕಿತ್ತುಬಂದರೆ ಮಾತ್ರ ಅದು ಎಷ್ಟನೆಯ ಬೀಗವೆಂದು ಲೆಕ್ಕ ಹಾಕುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ.