ರೋಡ್ಸ್ ಸಂದರ್ಶನದಲ್ಲಿ ಕ್ರಮಬದ್ಧವಾಗಿ ನಪಾಸಾಗುವುದು ಹೇಗೆ?

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಪದವೀಧರರೇ, ಆಕ್ಸ್‌ಫರ್ಡಿನ ರೋಡ್ಸ್ ಶಿಷ್ಯವೇತನ ಕಳೆದುಕೊಳ್ಳುವುದು ಕಷ್ಟವೆಂದು ಎದೆಗುಂದಬೇಡಿ. ಭಾರತದ ಪಾಲಿಗೆ ಬರುವುದೇ ವರ್ಷಕ್ಕೆ ಬೆರಳೆಣಿಕೆಯಷ್ಟು. ಅರ್ಧ ಕೆಲಸ ಅಲ್ಲೇ ಮುಗಿಯಿತು. ಉಳಿದರ್ಧಕ್ಕೆ ಈ ಕ್ರಮ ಪಾಲಿಸಿ.

1. ನಿಮ್ಮ ಬಗ್ಗೆ ಬೇರೆಯವರಿಂದ ಬರೆಸಿ. ಅರ್ಜಿಯ ಜೊತೆಗಿನ ಸ್ವವಿವರಣೆಯನ್ನು ಯಾರ ನೆರವೂ ಇಲ್ಲದೆ ನೀವೇ ಬರೆದಿದ್ದೀರೆಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಆದ್ದರಿಂದ ಧಾರವಾಡದ ಸಪ್ತಾಪುರಕ್ಕೆ ಹೋಗಿ. ಐಎಎಸ್‌ನಿಂದ ಕಾನ್‌ಸ್ಟೇಬಲ್‌ವರೆಗೆ ಎಲ್ಲಕ್ಕೂ ಕೋಚಿಂಗ್ ಸಿಗುವಲ್ಲಿ ಪ್ರಾಮಾಣಿಕತೆಗೂ ಸಿಕ್ಕೀತು. ಬರೆಸಿ, ಕಳಿಸಿ, ಓದಬೇಡಿ. ಸಂದರ್ಶಕರು ನಿಮ್ಮದೇ ಸಾಲೊಂದನ್ನು ಓದಿ ಹೇಳಿದಾಗ ಅವರಷ್ಟೇ ಕುತೂಹಲದಿಂದ ಆಲಿಸಿ.

2. ಊರನ್ನು ಕನಿಕರಕ್ಕೆ ಇಡಿ. ಅಪ್ಪನ ಎರಿ ಹೊಲ, ಕಡಲೆ, ಹತ್ತಿ, ಟ್ರ್ಯಾಕ್ಟರಿನ ಕಂತು ಎಲ್ಲ ಬಿಟ್ಟು ‘ಕತ್ತಲೆಯ ಹಳ್ಳಿ’ ಎನ್ನಿ. ಮಲಪ್ರಭಾ ಕಾಲುವೆಯ ಮಾತು ಬಂದರೆ ‘ಹವಾಮಾನ ಬದಲಾವಣೆ’ ಎಂದು ನಿಟ್ಟುಸಿರು ಬಿಡಿ. ನೀರು ನೆಟ್ಟಗೆ ಬಾರದ ಹೊಲಕ್ಕೂ ಬಂದ ಬೆಟರ್‌ಮೆಂಟ್ ಲೆವಿ ಎಂಬ ಕರ, 1980ರ ಜುಲೈ 21ರ ನವಲಗುಂದದ ರೈತ ಬಂಡಾಯ, ಗೋಲಿಬಾರು, ಇದೆಲ್ಲ ಅಜ್ಜನ ಬಾಯಲ್ಲಿ ಕೇಳಿದ್ದರೂ ತುಟಿ ಬಿಚ್ಚಬೇಡಿ. ಸಂದರ್ಶಕರು ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗುವ ಅಪಾಯವಿದೆ.

3. ಸೇವಾಗುಣ ತಯಾರಿಸಿ. ಗಿಡ ನೆಡಿ, ಬ್ಯಾನರು ಗಿಡಕ್ಕಿಂತ ಎತ್ತರವಿರಲಿ. ಫೋಟೊ ಸಾಕು, ನೀರು ಬೇಡ. ಸತ್ಯ, ಧೈರ್ಯ, ದುರ್ಬಲರ ರಕ್ಷಣೆ ಬೇಕೆಂದು ಈ ಶಿಷ್ಯವೇತನಕ್ಕೆ ದುಡ್ಡಿಟ್ಟು 1902ರಲ್ಲಿ ತೀರಿಕೊಂಡ ಸೆಸಿಲ್ ರೋಡ್ಸ್ ಉಯಿಲಿನಲ್ಲೇ ಬರೆದಿಟ್ಟಿದ್ದಾನೆ. ಆಫ್ರಿಕದ ಕೂಲಿಗಳನ್ನು ಬೇಲಿಯೊಳಗೆ ಕೂಡಿಹಾಕಿ ವಜ್ರ ತೆಗೆಸಿದವನಿಗೆ ಆ ಗುಣಗಳ ಬೆಲೆ ಗೊತ್ತಿರದೆ ಇರುತ್ತದೆಯೇ? ಈ ದುಡ್ಡು ಎಲ್ಲಿಯದೆಂದು ಕೇಳಿದರೆ ‘ಮಹಾದಾನಿಯದು’ ಎನ್ನಿ. 2015ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯ ಅವನ ಪ್ರತಿಮೆ ತೆಗೆಸಿದ್ದು ನಿಮಗೆ ಗೊತ್ತೇ ಇಲ್ಲ.

4. ಊಟಕ್ಕೆ ಹೆದರಿ. ಅಂತಿಮ ಸಂದರ್ಶನಕ್ಕೆ ಮುನ್ನ ಸಂದರ್ಶಕರ ಜೊತೆ ಒಂದು ಕೂಟವಿರುತ್ತದೆ. ಖಡಕ್ ರೊಟ್ಟಿ ಮುರಿದು, ಒಂದು ಚೂರೂ ಬೀಳದಂತೆ ಪಲ್ಯ ಹಚ್ಚಿ ತಿನ್ನಬಲ್ಲ ನೀವು, ಅಂದು ಫೋರ್ಕು ಹಿಡಿದು ಬಟಾಣಿ ಕಾಳಿನ ಹಿಂದೆ ತಟ್ಟೆ ತುಂಬ ಓಡಾಡಿ. ಪಕ್ಕದ ದೆಹಲಿ ಹುಡುಗ ನಕ್ಕರೆ ನೀವೂ ನಗಿ. ಯಾಕೆಂದು ಕೇಳಬೇಡಿ.

5. ‘ಗೊತ್ತಿಲ್ರಿ’ ಎನ್ನಬೇಡಿ. ಗೊತ್ತಿಲ್ಲದ್ದಕ್ಕೆ ಹತ್ತು ನಿಮಿಷ ಕೊಡಿ, ಗೊತ್ತಿದ್ದದ್ದಕ್ಕೆ ಒಂದೂ ಕೊಡಬೇಡಿ.

6. ಗಿರೀಶ ಕಾರ್ನಾಡರ ಸಹವಾಸ ಬೇಡ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದು, 1960ರಲ್ಲಿ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿಗೆ ಹೊರಟವರು ಅವರು. ಇಂಗ್ಲಿಷ್ ಕವಿಯಾಗುವ ಕನಸಿತ್ತು. ಹೊರಡುವ ಗಡಿಬಿಡಿಯಲ್ಲಿ ಬರೆದದ್ದು ಕನ್ನಡದ ‘ಯಯಾತಿ’ ನಾಟಕ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯೇ ಅದನ್ನು ಅಚ್ಚು ಹಾಕಿತು. ಅಷ್ಟಾಗಿಯೂ ಅಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ಊರ ಭಾಷೆ ಬಿಟ್ಟರೇ ಉದ್ಧಾರ ಎಂಬ ನಮ್ಮ ಸಿದ್ಧಾಂತಕ್ಕೆ ಇಷ್ಟು ಧಕ್ಕೆ ತಂದವರು ಮತ್ತೊಬ್ಬರಿಲ್ಲ.

7. ಫಲಿತಾಂಶ ಸಾರಿ. ವಿಷಾದದ ಪತ್ರ ಬಂದ ಸಂಜೆಯೇ ಗುಡಿಕಟ್ಟೆಗೆ ಹೋಗಿ, ‘ವಶೀಲಿ ಬೇಕ್ರಿ, ನಮ್ಮಂಥವ್ರಿಗೆ ಎಲ್ಲಿ ಕೊಡ್ತಾರ’ ಎನ್ನಿ. ನಾಲ್ಕು ಜನ ತಲೆಯಾಡಿಸುತ್ತಾರೆ. ಮುಂದಿನ ವರ್ಷ ಅರ್ಜಿ ಹಾಕಬೇಕೆಂದಿದ್ದ ಹುಡುಗಿಯೊಬ್ಬಳ ಕಿವಿಗೂ ಮಾತು ಬೀಳಲಿ. ಅವಳು ಹಾಕುವುದಿಲ್ಲ. ನಿಮ್ಮ ನಾಯಕತ್ವಕ್ಕೆ ಬೇರೆ ಪುರಾವೆ ಬೇಕಿಲ್ಲ.